ಡಯಲ್ ಮುಟ್ಟದವನು

ಹಳೆಯ ಕೈಗಡಿಯಾರ ತಂದವರು ‘ಡಯಲ್ಲಿನ ರೇಡಿಯಂ ಮಂಕಾಗಿದೆ, ಹೊಸದಾಗಿ ಬಳಿದುಕೊಡಿ’ ಅಂದರೆ ಸಾಕು, ವಾಚ್ ರಿಪೇರಿಯವನಿಗೆ ಪಿತ್ತ ನೆತ್ತಿಗೇರುತ್ತದೆ. ಕಣ್ಣಿಗೆ ಸಿಕ್ಕಿಸಿಕೊಂಡ ಭೂತಗನ್ನಡಿಯನ್ನೂ ತೆಗೆಯದೆ, ಒಂದು ಕಣ್ಣು ಇನ್ನೊಂದರ ನಾಲ್ಕರಷ್ಟಾಗಿ ಕಾಣುವಂತೆ ತಲೆಯೆತ್ತಿ ಗದರುತ್ತಾನೆ: “ತಲೆಗೆ ಬಣ್ಣ ಬಳ್ಕೊಂಡಿದ್ದು ಸಾಲದು ಅಂತ ವಾಚಿಗೂ ಬಳಿಸೋಕೆ ಬಂದ್ರಾ? ಐವತ್ತು ವರ್ಷ ಬೆಳಗಿ ದಣಿದಿದೆ. ಅದರ ಪಾಡಿಗೆ ಅದನ್ನ ಬಿಡಿ.” ತಂಗಿಯ ಗಂಡ ಬೇರೆ ಅಂಗಡಿಯಲ್ಲಿ ಡಯಲ್ ಬಳಿಸಿಕೊಂಡನೆಂದು ಎರಡು ವರ್ಷ ಅವರ ಮನೆಯ ಹೊಸ್ತಿಲು ತುಳಿಯಲಿಲ್ಲ. ಆದರೆ ಯಾರಾದರೂ “ಚೆಂದಕ್ಕಲ್ಲಣ್ಣ, ನಮ್ಮಮ್ಮನಿಗೆ ಕತ್ತಲಲ್ಲಿ ಟೈಮ್ ಕಾಣಲ್ಲ” ಅಂದರೆ ಮಾತ್ರ ಅವನ ವರಸೆಯೇ ಬದಲಾಗುತ್ತದೆ. “ಮೊದಲೇ ಹೇಳೋಕೆ ಏನಾಗಿತ್ತು ನಿಮಗೆ?” ಎಂದು ಸಿಡುಕಿ, ವಾಚನ್ನು ಕಿತ್ತುಕೊಂಡು, ಉಳಿದ ಕೆಲಸವನ್ನೆಲ್ಲ ಬದಿಗೆ ತಳ್ಳಿ ಕುಂಚ ಹಿಡಿಯುತ್ತಾನೆ. ಅವನ ಮೇಜಿನ ಖಾನೆಯಲ್ಲಿ ಅವನ ತಾಯಿಯ ವಾಚಿದೆ. ಆಕೆಯೂ ಒಮ್ಮೆ ಬಳಿದುಕೊಡು ಎಂದು ಕೇಳಿದ್ದಳು, ಒಮ್ಮೆ ಮಾತ್ರ. ಗಿರಾಕಿಗಳನ್ನು ಬೈದ ಹಾಗೆಯೇ ಆಕೆಯನ್ನೂ ಬೈದಿದ್ದ. ಆಕೆ ತೀರಿಕೊಂಡ ಮೇಲೆ ಕೈಗೆತ್ತಿಕೊಂಡು ನೋಡಿದರೆ ವಾಚಿಗೆ ಗಾಜೇ ಇರಲಿಲ್ಲ. ಮಗನನ್ನು ಮತ್ತೆ ಕೇಳುವ ಗೊಡವೆ ಬೇಡವೆಂದು ತಾನೇ ಗಾಜು ಎಬ್ಬಿಸಿ, ಕತ್ತಲಲ್ಲಿ ಮುಳ್ಳು ತಡವಿ ಹೊತ್ತು ತಿಳಿದುಕೊಳ್ಳುತ್ತಿದ್ದಳು. ಮುಳ್ಳುಗಳು ಸೊಟ್ಟಗಾಗಿದ್ದವು. ಅವನು ಮುಟ್ಟುವುದಿಲ್ಲವೆಂದು ಹಟ ಹಿಡಿದಿದ್ದ ಡಯಲ್ಲು, ಆಕೆಯ ಬೆರಳು ಸವರಿ ಸವರಿ, ಒಂದು ಅಂಕಿಯೂ ಉಳಿಯದೆ ಬೋಳಾಗಿತ್ತು.