ಬಲದ ಅಂಚಿನ ಪಾಲು

ಚಳ್ಳಕೆರೆಯ ಕಾಲೇಜೊಂದರಲ್ಲಿ ನಾನು ಅರ್ಥಶಾಸ್ತ್ರ ಹೇಳಿಕೊಡುತ್ತೇನೆ. ಪ್ರತಿ ವರ್ಷ ಮೊದಲ ಪಾಠ ಗುಂಡುಸೂಜಿಯದು. ಸ್ಕಾಟ್ಲೆಂಡಿನ ಒಬ್ಬ ಮೇಷ್ಟ್ರು ಎರಡು ಶತಮಾನಕ್ಕೂ ಹಿಂದೆ ಬರೆದಿಟ್ಟ ಉದಾಹರಣೆ. ಒಬ್ಬನೇ ಕೂತರೆ ದಿನಕ್ಕೆ ಒಂದು ಗುಂಡುಸೂಜಿ ಆಗುವುದೂ ಕಷ್ಟ. ಒಬ್ಬ ತಂತಿ ಎಳೆದು, ಒಬ್ಬ ಕತ್ತರಿಸಿ, ಒಬ್ಬ ಮೊನೆ ಮಾಡಿ, ಇನ್ನೊಬ್ಬ ತಲೆ ಕೂರಿಸಿದರೆ ರಾಶಿ ಬೀಳುತ್ತದೆ. ಮಕ್ಕಳು ತಲೆಯಾಡಿಸುತ್ತಾರೆ. ದೇವಸಮುದ್ರದಿಂದ, ನಾಯಕನಹಟ್ಟಿಯಿಂದ ಬಸ್ಸಿನಲ್ಲಿ ನಿಂತೇ ಬಂದವರು. ಬೆಳಿಗ್ಗೆ ಮೊದಲ ತರಗತಿಯಲ್ಲಿ ಯಾರು ಏನು ಹೇಳಿದರೂ ತಲೆಯಾಡಿಸುತ್ತಾರೆ.

ಆಮೇಲೆ ಕತ್ತರಿಯ ಪಾಠ. ಬೆಲೆ ಕಟ್ಟುವುದು ಮಾಡುವವನ ಖರ್ಚೋ ಕೊಳ್ಳುವವನ ಆಸೆಯೋ ಎಂದು ಪಂಡಿತರು ಕಿತ್ತಾಡುತ್ತಿದ್ದಾಗ ಇಂಗ್ಲೆಂಡಿನ ಪ್ರೊಫೆಸರೊಬ್ಬ, ಕಾಗದ ಕತ್ತರಿಸುವುದು ಕತ್ತರಿಯ ಮೇಲಿನ ಅಲಗೋ ಕೆಳಗಿನದೋ ಎಂದು ಕೇಳಿದ. ಇದು ನಮ್ಮ ಮಕ್ಕಳಿಗೆ ಬೇಗ ಹತ್ತುತ್ತದೆ. ಎಷ್ಟೋ ಜನರ ಮನೆಯಲ್ಲಿ ಕುರಿಯ ಉಣ್ಣೆ ತೆಗೆಯುವ ಕತ್ತರಿ ಇದೆ.

ಈ ಎರಡು ಪಾಠ ನನಗೆ ಇನ್ನೂ ಬೇಸರ ತಂದಿಲ್ಲ. ಪುಸ್ತಕಕ್ಕಿಂತ ಮೊದಲೇ ಮನೆಯಲ್ಲಿ ಇವನ್ನು ನೋಡಿದ್ದೆ. ಮೊಳಕಾಲ್ಮೂರಿನ ನಮ್ಮ ನಡುಮನೆಯಲ್ಲಿ ಒಂದು ಗುಂಡಿಮಗ್ಗವಿದೆ. ನೇಯುವವನು ಗುಂಡಿಯಲ್ಲಿ ಕಾಲು ಇಳಿಬಿಟ್ಟು, ಹಲಗೆ ತುಳಿಯುತ್ತಾ ಕೂರಬೇಕು. ಅದು ಅಪ್ಪನ ಜಾಗ. ಅಂಚಿನ ಬಣ್ಣ ಬೇರೆ, ಒಡಲಿನ ಬಣ್ಣ ಬೇರೆ ಇರುವ ರೇಷ್ಮೆ ಸೀರೆಗೆ ಒಬ್ಬರ ಕೈ ಸಾಲದು. ಹಾಗಾಗಿ ಗುಂಡಿಯ ಹೊರಗೆ, ಬಲಗಡೆ ಮಣೆ ಹಾಕಿಕೊಂಡು ಅವ್ವ ಕೂರುತ್ತಿದ್ದಳು. ಅಡ್ಡ ನೂಲು ಹೊತ್ತ ಲಾಳಿಗಳಲ್ಲಿ ಎಡದ ಅಂಚಿನದು, ಒಡಲಿನದು ಅಪ್ಪ ಎಸೆದರೆ ಬಲದ ಅಂಚಿನ ಲಾಳಿ ಅವ್ವ ಎಸೆಯಬೇಕು. ಊರಿನವರು ಅಪ್ಪನನ್ನು ನೇಕಾರ ಎನ್ನುತ್ತಿದ್ದರು. ಅವ್ವನನ್ನು ಏನೂ ಅನ್ನುತ್ತಿರಲಿಲ್ಲ.

ನಮ್ಮ ಮನೆಯಲ್ಲಿ ಹೆಂಗಸರು ಗುಂಡಿಗೆ ಇಳಿಯುವಂತಿರಲಿಲ್ಲ. ಕಾರಣ ಯಾರಿಗೂ ಗೊತ್ತಿರಲಿಲ್ಲ. ಅಜ್ಜಿ ಬೇಡ ಎಂದಿದ್ದಳು, ಅಪ್ಪ ಅದನ್ನೇ ಮುಂದುವರಿಸಿದ. ಬೇರೆಯವರ ಮನೆಗಳಲ್ಲಿ ಹೆಂಗಸರು ನೇಯುವುದನ್ನು ತೋರಿಸಿದರೆ, ಅವರ ಮನೆ ಅವರದು ಎನ್ನುತ್ತಿದ್ದ. ಹೆಚ್ಚು ವಾದ ಮಾಡಿದರೆ ಸಿಟ್ಟಿಗೆ ಅವನ ಮಾತು ತೆಲುಗಿಗೆ ಹೊರಳುತ್ತಿತ್ತು. ಅಲ್ಲಿಗೆ ನಾವು ಸುಮ್ಮನಾಗುತ್ತಿದ್ದೆವು.

ಹೋದ ವರ್ಷ ಅಪ್ಪನ ಮಂಡಿ ಕೈಕೊಟ್ಟಿತು. ಕೂರಬಲ್ಲ, ಹಲಗೆ ತುಳಿಯಲಾರ. ರೇಷ್ಮೆ ಕೊಟ್ಟು ಸೀರೆ ನೇಯಿಸಿಕೊಳ್ಳುವ ಮಾಲೀಕರು ಮರ್ಯಾದೆಯಿಂದಲೇ ಹೇಳಿ ಕಳಿಸಿದರು: ಮಗ್ಗಕ್ಕೆ ಉದ್ದಕ್ಕೆ ಹೂಡಿರುವ ರೇಷ್ಮೆ ಎಳೆಯ ಹಾಸು ಮುಗಿಸಿಕೊಡಿ, ಆಗದಿದ್ದರೆ ಬೇರೆ ಮಗ್ಗಕ್ಕೆ ಕೊಡುತ್ತೇನೆ. ಹಾಸು ಹೋದರೆ ಮಗ್ಗ ಬಿಚ್ಚಿದ ಹಾಗೆಯೇ. ನಾನು ಭಾನುವಾರ ಊರಿಗೆ ಹೋಗಿ, ಬಿಚ್ಚಿಬಿಡಿ, ಇಬ್ಬರೂ ಚಳ್ಳಕೆರೆಗೆ ಬನ್ನಿ ಎಂದೆ. ಅಪ್ಪ ಹ್ಞೂಂ ಎಂದ. ಅವ್ವ ಒಪ್ಪಲಿಲ್ಲ. ಮಗ್ಗ ಅವಳಿಗೆ ಬೇಕಿತ್ತು. ಬೆಳಿಗ್ಗೆ ಎದ್ದು ಆ ಮಣೆಯ ಮೇಲೆ ಕೂರದಿದ್ದರೆ ಅವಳಿಗೆ ದಿನವೇ ಶುರುವಾಗುತ್ತಿರಲಿಲ್ಲ. ಮಗ್ಗ ಬಿಚ್ಚುವ ಮಾತು ಬಂದಾಗ ಅವಳನ್ನು ಯಾರೂ ಕೇಳಿಯೇ ಇರಲಿಲ್ಲ, ನನ್ನನ್ನೂ ಸೇರಿಸಿ.

ಕಾಲೇಜಿನಲ್ಲಿ ಎಲ್ಲದಕ್ಕೂ ಲೆಕ್ಕ ಹೇಳ್ತೀಯಲ್ಲ, ಈ ಸೀರೆಯಲ್ಲಿ ನನ್ನ ಪಾಲು ಎಷ್ಟು ಹೇಳು ಎಂದಳು. ತಮಾಷೆ ಅಂದುಕೊಂಡೆ. ಮುಖ ನೋಡಿದರೆ ತಮಾಷೆಯಾಗಿರಲಿಲ್ಲ.

ಇದಕ್ಕೆ ಒಂದು ಲೆಕ್ಕ ಇರುವುದೂ ನಿಜ. ಹೋದ ಶತಮಾನದಲ್ಲಿ ಅಮೆರಿಕದ ಒಬ್ಬ ಗಣಿತಜ್ಞ ಕಟ್ಟಿದ್ದು. ಹಲವರು ಸೇರಿ ಗಳಿಸಿದ್ದನ್ನು ನ್ಯಾಯವಾಗಿ ಹಂಚಬೇಕಾದರೆ, ಒಬ್ಬೊಬ್ಬರು ಬಂದು ಸೇರಿದಾಗ ಗಳಿಕೆ ಎಷ್ಟು ಹೆಚ್ಚಿತು ನೋಡಬೇಕು; ಯಾರು ಮೊದಲು ಬಂದರೆ ಏನು ಎಂದು ಎಲ್ಲ ಸರದಿಯನ್ನೂ ನೋಡಿ ಸರಾಸರಿ ತೆಗೆಯಬೇಕು. ಒಲೆಯ ಮುಂದೆ ಕೂತು ಅವ್ವನಿಗೆ ಬಿಡಿಸಿ ಹೇಳಿದೆ. ಅಪ್ಪ ಒಬ್ಬನೇ ಇದ್ದರೆ ಒಂದೇ ಬಣ್ಣದ ಸಾದಾ ಸೀರೆ ನೇಯುತ್ತಾನೆ, ಅದಕ್ಕೆ ಅರ್ಧ ಬೆಲೆ ಎಂದಿಟ್ಟುಕೋ. ನೀನು ಒಬ್ಬಳೇ ಇದ್ದರೆ ಗುಂಡಿಗೆ ಇಳಿಯುವ ಹಾಗಿಲ್ಲ, ಸೊನ್ನೆ. ಇಬ್ಬರೂ ಸೇರಿದರೆ ಪೂರ್ತಿ ಬೆಲೆ. ಅಪ್ಪ ಮೊದಲು ಬಂದರೆ ನೀನು ಸೇರಿಸಿದ್ದು ಅರ್ಧ. ನೀನು ಮೊದಲು ಬಂದರೆ ನಿನ್ನದು ಏನೂ ಇಲ್ಲ. ಸರಾಸರಿ ತೆಗೆದರೆ ನಾಲ್ಕರಲ್ಲಿ ಮೂರು ಪಾಲು ಅಪ್ಪನದು, ಒಂದು ಪಾಲು ನಿನ್ನದು.

ಅಪ್ಪ ಖುಷಿಪಡುತ್ತಾನೆ ಅಂದುಕೊಂಡಿದ್ದೆ. ಅವನು ಬೀಡಿ ಹುಡುಕುವ ನೆಪದಲ್ಲಿ ಎದ್ದುಹೋದ. ಅವ್ವ ರೊಟ್ಟಿ ತಿರುವಿಹಾಕಿದಳು.

"ನಾನೊಬ್ಬಳೇ ಇದ್ರೆ ಸೊನ್ನೆ ಅಂದ್ಯಲ್ಲ, ಅದನ್ನ ಯಾವಾಗ ನೋಡಿದ್ದೆ?" ಎಂದಳು.

ಲೆಕ್ಕ ತಪ್ಪಿರಲಿಲ್ಲ, ಈಗಲೂ ಹಾಗೇ ಹೇಳುತ್ತೇನೆ. ಆದರೆ ಲೆಕ್ಕಕ್ಕೆ ಹಾಕುವ ಅಂಕಿಯನ್ನು ಗಣಿತಜ್ಞ ಕೊಡುವುದಿಲ್ಲ, ಮನೆಯವರು ಕೊಡುತ್ತಾರೆ. ನನಗೆ ಸಿಟ್ಟು ಬಂತು. ಅವ್ವನ ಮೇಲೋ ಅಜ್ಜಿಯ ಮೇಲೋ ಗೊತ್ತಾಗಲಿಲ್ಲ.

ಊಟ ಮುಗಿಸಿ ಅವ್ವ ಸೆರಗು ಸಿಕ್ಕಿಸಿಕೊಂಡು ಗುಂಡಿಗೆ ಇಳಿದಳು. ಅಪ್ಪ ಬಾಗಿಲಲ್ಲಿ ನಿಂತು ನೋಡಿದ. ತೆಲುಗಿನಲ್ಲಿ ಏನಾದರೂ ಬರುತ್ತದೆ ಎಂದು ಕಾದೆ, ಬರಲಿಲ್ಲ. ಕುಂಟುತ್ತಾ ಬಂದು ಬಲಗಡೆಯ ಮಣೆಯ ಮೇಲೆ, ಅವಳ ಜಾಗದಲ್ಲಿ, ಕಾಲು ಚಾಚಿ ಕೂತ.

ಆ ಸೀರೆ ಮುಗಿಯಲು ಬಹಳ ದಿನ ಹಿಡಿಯಿತು. ನಾನು ವಾರಕ್ಕೊಮ್ಮೆ ಹೋಗಿ ನೋಡುತ್ತಿದ್ದೆ. ಮೊದಮೊದಲು ಅವ್ವನ ಕಾಲು ತಡವರಿಸುತ್ತಿತ್ತು, ಎಳೆ ಹರಿಯುತ್ತಿತ್ತು, ಕೂತು ಗಂಟು ಹಾಕುತ್ತಿದ್ದಳು. ಅಪ್ಪನ ಕಷ್ಟ ಬೇರೆ. ಒಂದು ಆಯುಷ್ಯ ಒಡಲಿನ ಲಾಳಿ ಎಸೆದ ಕೈ ಅದು. ತನ್ನ ಸರದಿಗೆ ಕಾದು ಅಭ್ಯಾಸವಿರಲಿಲ್ಲ. ಅವಸರಕ್ಕೆ ಎಳೆದುಬಿಡುತ್ತಿದ್ದ, ಇಲ್ಲವೇ ಮೈಮರೆಯುತ್ತಿದ್ದ. ಅವ್ವ ಹಲಗೆ ತುಳಿದು ಅವನ ಕಡೆ ನೋಡುತ್ತಾ ಕಾಯುತ್ತಿದ್ದಳು. "ಎಸಿ ಮಾರಾಯ" ಎನ್ನುತ್ತಿದ್ದಳು, ನಗದೆ.

ಸೀರೆ ಕೊಡುವ ದಿನ ಅಪ್ಪ ಅವ್ವನ ಜೊತೆ ನಾನೂ ಹೋಗಿದ್ದೆ; ಅವ್ವ ಬಾಗಿಲ ಬಳಿಯೇ ನಿಂತಳು. ಮಾಲೀಕರು ಅದನ್ನು ಬೆಳಕಿಗೆ ಹರಡಿದರು. ಒಡಲು ಸುಮಾರಾಗಿ ಬಂದಿತ್ತು, ಕೊನೆಕೊನೆಗೆ ಚೆನ್ನಾಗಿಯೇ ಇತ್ತು. ಬಲದ ಅಂಚು ಒಂದು ಕಡೆ ಬಿಗಿ, ಒಂದು ಕಡೆ ಸಡಿಲ, ಉದ್ದಕ್ಕೂ ಸುಕ್ಕು. ಅವರು ಬೆರಳಿನಿಂದ ಸವರಿ, ಕನ್ನಡಕದ ಮೇಲಿಂದ ಅಪ್ಪನನ್ನು ನೋಡಿ, ಅಂಚು ಹೀಗೆ ಕೆಟ್ಟಿದೆಯಲ್ಲ, ಆಯಮ್ಮನಿಗೆ ಹುಷಾರಿರಲಿಲ್ಲವೇ ಎಂದು ಕೇಳಿದರು.

ಹ್ಞೂಂ ಎಂದಿದ್ದರೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಅಪ್ಪ ಅಂಚಿನ ಸುಕ್ಕಿನ ಮೇಲೆ ಕೈಯಿಟ್ಟ.

"ಅಂಚು ನಂದ್ರಿ. ಸೀರೆ ಅವಳ್ದು."

ಮಾಲೀಕರು ಸೀರೆಯನ್ನು ಇನ್ನೊಮ್ಮೆ ಹರಡಿದರು. ಈ ಸಲ ಒಡಲನ್ನಷ್ಟೇ ನೋಡಿದರು. ಅಂಚು ತಿದ್ದಿಕೊಳ್ಳಿ ಎಂದು ಅಪ್ಪನಿಗೆ ಹೇಳಿ, ಮಡಿಸಿಟ್ಟು, ಮುಂದಿನ ಹಾಸು ಯಾರ ಹೆಸರಿಗೆ ಬರೆದುಕೊಳ್ಳಲಿ ಎಂದು ಕೇಳಿದರು.

ಅಪ್ಪ ನೆಲ ನೋಡುತ್ತಿದ್ದ. ನಾನು ಬಾಯಿ ತೆರೆಯುವುದರಲ್ಲಿದ್ದೆ. ಅಷ್ಟರಲ್ಲಿ ಅವ್ವ ತನ್ನ ಹೆಸರು ಹೇಳಿದಳು. ಅವಳ ಬಾಯಲ್ಲಿ ಆ ಹೆಸರನ್ನು ನಾನು ಕೇಳಿದ್ದು ಅದೇ ಮೊದಲು.