ಟವೆಲಿನ ಕೆಳಗಿನ ವ್ಯವಹಾರ

ನೀರಡಿಕೆಯಾದರೆ ನನ್ನ ಮಗಳು ಬಂದು ನನ್ನ ಮಣಿಕಟ್ಟು ಹಿಡಿದು, ಅಡುಗೆಮನೆಗೆ ಎಳೆದುಕೊಂಡು ಹೋಗಿ, ನನ್ನ ಕೈಯನ್ನು ತಂಬಿಗೆಯ ಮೇಲೆ ಇಡುತ್ತಿದ್ದಳು. ಐದು ವರ್ಷ ತುಂಬಿದರೂ ಬಾಯಲ್ಲಿ ಮಾತಿರಲಿಲ್ಲ. ಇದಕ್ಕೆ ಆಟಿಸಂ ಎನ್ನುತ್ತಾರೆ ಎಂದು ದೊಡ್ಡ ಊರಿನ ದವಾಖಾನೆಯೊಂದರಲ್ಲಿ ಹೇಳಿದರು. ಸನ್ನೆಗೆಲ್ಲ ಕೊಡುತ್ತ ಹೋದರೆ ಮಾತು ಕಲಿಯುವುದಿಲ್ಲ, ‘ನೀರು’ ಎನ್ನುವವರೆಗೆ ತಂಬಿಗೆ ಮುಟ್ಟಿಸಬೇಡಿ ಎಂದೂ ಹೇಳಿ ಕಳಿಸಿದರು.

ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡವರು ನಮ್ಮ ಮಾವ. ಅವರಿಗೆ ಸೆರಗಿಲ್ಲ, ಹೆಗಲ ಮೇಲೊಂದು ಟವೆಲ್ ಇತ್ತು ಅಷ್ಟೇ. ನಿಲಂಗಾದಲ್ಲಿ ನಮ್ಮದು ರೈತರ ಕಾಳು ಮಾರಿಕೊಡುವ ಅಡತಿ, ಮುಂದೆ ಅಂಗಡಿ, ಹಿಂದೆ ಮನೆ. ಹಿಂದೆಲ್ಲ ಅಡತಿಯಲ್ಲಿ ಹತ್ತಾ ನಡೆಯುತ್ತಿತ್ತಂತೆ. ಕೊಳ್ಳುವವನು, ಮಾರುವವನು ಇಬ್ಬರೂ ಒಂದು ಟವೆಲಿನ ಕೆಳಗೆ ಕೈ ತೂರಿಸಿ, ಬೆರಳು ಹಿಡಿದು, ಒತ್ತಿ, ದರ ಮುರಿಯುತ್ತಿದ್ದರು. ಪಕ್ಕದಲ್ಲಿ ನಿಂತವನಿಗೂ ಸುಳಿವು ಸಿಗುತ್ತಿರಲಿಲ್ಲ. ಸರಕಾರ ಅದನ್ನು ನಿಲ್ಲಿಸಿ ಬಹಳ ಕಾಲವಾಗಿತ್ತು, ಟವೆಲ್ ಮಾತ್ರ ಹೆಗಲಿನಿಂದ ಇಳಿದಿರಲಿಲ್ಲ.

ಮೊಮ್ಮಗಳೆಂದರೆ ಅವರಿಗೆ ಜೀವ. ತಂಬಿಗೆಯನ್ನು ಎತ್ತಿ ಹಿಡಿದು, ಅವಳು ಅತ್ತು ಅತ್ತು ಸಾಕಾಗಿ ಕೂತಾಗ, ತಾವೂ ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ಗುಂಜೋಟಿಯ ಒಕ್ಕಲುತನದವರ ಮಗಳು. ನಮ್ಮಲ್ಲಿ ಎಮ್ಮೆಯನ್ನೂ ನೀರಿಗಾಗಿ ಒದರಲು ಬಿಡುವುದಿಲ್ಲ. ಸಿಟ್ಟು ಮೂಗಿನ ತುದಿಗೇ ಬರುತ್ತಿತ್ತು. ಆದರೂ ಸುಮ್ಮನಿದ್ದೆ, ಏಕೆಂದರೆ ನನಗೂ ಒಂದು ಆಸೆಯಿತ್ತು. ಒಮ್ಮೆಯಾದರೂ ಅವಳು ‘ಅವ್ವಾ’ ಎನ್ನಬೇಕು.

ಉದಗೀರದಲ್ಲಿ ಇಂಥ ಮಕ್ಕಳಿಗೆ ಥೆರಪಿ ಮಾಡುವ ಹೆಣ್ಣುಮಗಳೊಬ್ಬಳು ಬಂದಿದ್ದಾಳೆಂದು ಕೇಳಿ, ಮಾವನವರನ್ನೂ ಕರೆದುಕೊಂಡು ಬಸ್ಸು ಹತ್ತಿದೆವು. ಆಕೆ ಮಗಳನ್ನು ಕುರ್ಚಿಗೆ ಕರೆಯಲಿಲ್ಲ, ಗದ್ದ ಹಿಡಿದು ಮುಖ ತಿರುಗಿಸಲಿಲ್ಲ. ಪರಾತದಲ್ಲಿದ್ದ ಜೋಳವನ್ನು ಮಗಳು ಬೊಗಸೆಯಿಂದ ಸುರಿದರೆ ಆಕೆಯೂ ಎದುರು ಕೂತು ಸುರಿದಳು. ಮಗಳು ಎರಡೂ ಕೈ ಪಟಪಟ ಬಡಿದಾಗ ನಾನು ಹಿಡಿಯಲು ಹೋದೆ. ಖುಷಿಯಾದಾಗ ಮಗು ಹಾಗೆ ಮಾಡುತ್ತದೆ, ಬಿಡಿ ಎಂದಳು ಆಕೆ. ಆಮೇಲೆ ತಂಬಿಗೆಯ ಕಥೆ ಕೇಳಿ ಹೇಳಿದಳು:

“ಆಕಿ ಮಾತಾಡ್ಲಿಕತ್ತಾಳ್ರೀ. ನಿಮ್ಮ ಕೈ ಹಿಡದು ತಂಬಿಗಿ ಮ್ಯಾಲ ಇಟ್ಟಳಲ್ಲ, ಅದ ಮಾತು.”

ಮಾವ ಎದ್ದು ನಿಂತರು. “ಹಿಂಗ ಕೊಡ್ಕೋತ ಹೋದ್ರ ಹುಡುಗಿ ಹಿಂಗ ಉಳೀತದ. ನಾಳಿ ನಾವಿಲ್ದಾಗ ಈಕಿ ಮಾತು ಯಾರು ಕೇಳ್ತಾರ?”

ಹಿಂದಿರುಗುವಾಗ ಬಸ್ಸಿನಲ್ಲಿ ಮಾವ ಮೊಮ್ಮಗಳನ್ನು ದಾರಿಯುದ್ದಕ್ಕೂ ತೊಡೆಯಿಂದ ಇಳಿಸಲಿಲ್ಲ. ಅವರ ಹಟದ ಒಳಗಿದ್ದದ್ದು ಅಂಜಿಕೆ ಎಂದು ನನಗೆ ಅವತ್ತು ತಿಳಿಯಿತು. ಆ ಅಂಜಿಕೆ ನನಗೂ ಇತ್ತು.

ನಮ್ಮ ಹಿಂದಿನ ಕೋಣೆಗಳಿಗೆ ತಗಡಿನ ಮಾಡು. ಹಿಂದೊಮ್ಮೆ ಈ ಸೀಮೆಯಲ್ಲಿ ದೊಡ್ಡ ಭೂಕಂಪ ಆದಮೇಲೆ ಕಲ್ಲು ಮಣ್ಣಿನ ಮಾಳಿಗೆಯ ಕೆಳಗೆ ಮಲಗಲು ಯಾರ ಮನಸ್ಸೂ ಒಪ್ಪಲಿಲ್ಲವಂತೆ. ಮಳೆ ಬಿದ್ದರೆ ಆ ತಗಡಿನ ಸದ್ದು ಮಗಳಿಗೆ ಸಹಿಸಲಾಗುತ್ತಿರಲಿಲ್ಲ. ಒಂದು ಮಧ್ಯಾಹ್ನ ಆಲಿಕಲ್ಲೇ ಸುರಿಯಿತು. ಕಿವಿಗೆ ಬಾಯಿ ಹಚ್ಚಿ ಕೂಗಿದರೂ ಕೇಳಿಸದಷ್ಟು ಸದ್ದು. ಮಗಳು ಓಡಿಬಂದು, ಮಂಚದ ಮೇಲಿದ್ದ ಅಜ್ಜನ ಹೆಗಲಿನ ಟವೆಲ್ ಜಗ್ಗಿ, ತಲೆಯ ಮೇಲೆ ಎಳೆದುಕೊಂಡು ಮುದುಡಿ ಕೂತಳು. ತಲೆ ಸವರಲೆಂದು ಮಾವ ಟವೆಲಿನ ಕೆಳಗೆ ಕೈ ಹಾಕಿದರು. ಅವಳು ಅವರ ಎರಡು ಬೆರಳು ಹಿಡಿದು ಗಟ್ಟಿಯಾಗಿ ಒತ್ತಿ, ಅಂಗಡಿಯ ದಿಕ್ಕಿಗೆ ಎಳೆದಳು.

ಮಾವನ ಮುಖ ಬದಲಾದದ್ದನ್ನು ನಾನು ಬಾಗಿಲಲ್ಲಿ ನಿಂತು ನೋಡಿದೆ. ಕೈ ಬಿಡಿಸಿಕೊಳ್ಳದೆ ಎದ್ದು ಅವಳ ಹಿಂದೆಯೇ ಹೋದರು. ಅಂಗಡಿಗೆ ಸ್ಲ್ಯಾಬ್ ಇದೆ, ಸದ್ದು ಕಡಿಮೆ. ಚೀಲಗಳ ನಡುವೆ ಕೂತ ಕೂಡಲೇ ಮಗಳ ಉಸಿರು ಹಗುರಾಯಿತು. ಮಳೆ ನಿಂತಮೇಲೆ ಮಾವ ತಾವೇ ತಂಬಿಗೆ ತುಂಬಿ ತಂದು ಅವಳ ಮುಂದೆ ಇಟ್ಟು, ನನ್ನ ಕಡೆ ನೋಡದೆ ಹೇಳಿದರು:

“ಅರ್ಧಾ ಆಯುಷ್ಯ ಬಾಯಿ ಬಿಚ್ಚದ ತೊಗರಿ ಮಾರೀನಿ. ನನಗ ಯಾರೂ ಮೂಕ ಅನ್ನಲಿಲ್ಲ.”

ಅಂದಿನಿಂದ ಅಜ್ಜ-ಮೊಮ್ಮಗಳ ಅಡತಿ ಶುರುವಾಯಿತು. ಹೆಬ್ಬೆರಳು ಒತ್ತಿದರೆ ನೀರು, ಕಿರುಬೆರಳು ಎಳೆದರೆ ಇಲ್ಲಿಂದ ಹೋಗೋಣ. ಉದಗೀರದಾಕೆ ಕೇಳಿ ನಕ್ಕುನಕ್ಕು ಖುಷಿಪಟ್ಟಳು. ಹೊರಗಿನವರಿಗೆ ಹತ್ತಾ ತಿಳಿಯದಲ್ಲ ಎಂದು ಚಿತ್ರದ ಕಾರ್ಡುಗಳನ್ನೂ ಜೊತೆಗೆ ಕಲಿಸಿದಳು. ಮನೆಯ ಮಂದಿಯೆಲ್ಲ ಕಲಿಯಬೇಕೆಂದು ಮಾವನ ಹುಕುಂ ಆಯಿತು. ಒಕ್ಕಲುತನದವರ ಮಗಳು, ನಿನಗೆ ವ್ಯಾಪಾರ ಎಲ್ಲಿ ಹತ್ತಬೇಕು ಎಂದು ನನ್ನನ್ನು ಛೇಡಿಸುತ್ತಿದ್ದರು. ನನಗೆ ನಿಜಕ್ಕೂ ನಿಧಾನಕ್ಕೇ ಹತ್ತಿತು.

ಒಂದು ದಿನ ಒಲೆಯ ಮೇಲೆ ಬೇಳೆ ಬೇಯಲು ಇಟ್ಟು ಜೋಳ ಹಸನು ಮಾಡುತ್ತ ಕೂತಿದ್ದೆ. ಮಗಳು ಅಜ್ಜನ ಟವೆಲ್ ತಂದು ನನ್ನ ಕೈಮೇಲೆ ಹೊದಿಸಿ, ಕೆಳಗೆ ತನ್ನ ಕೈ ತೂರಿಸಿ, ನನ್ನ ಇಡೀ ಅಂಗೈಯನ್ನು ಹಿಡಿದಳು. ಇದು ನನಗೆ ಗೊತ್ತಿಲ್ಲದ ಲೆಕ್ಕ. ತಂಬಿಗೆ ತೋರಿಸಿದೆ, ನೋಡಲಿಲ್ಲ. ಹೊರಗೆ ಹೋಗೋಣವೇ ಎಂದೆ, ಅಲುಗಲಿಲ್ಲ. ಏನು ಬೇಡುತ್ತಿದ್ದಾಳೆ ಎಂದು ಅಂಗಡಿಯ ಬಾಗಿಲಲ್ಲಿದ್ದ ಮಾವನನ್ನೇ ಕೇಳಿದೆ.

ಅವರು ಹತ್ತಿರ ಬಂದು ಟವೆಲಿನ ಅಂಚು ಎತ್ತಿ ನೋಡಿದರು.

“ಆಕಿ ಏನೂ ಬೇಡ್ಲಿಕತ್ತಿಲ್ಲ, ಯವ್ವಾ. ಇಡೀ ಕೈ ಹಿಡದ್ರ ಸೌದಾ ಆತು ಅಂತ. ಈ ಮಾಲು ನಂದು, ಇನ್ನ ಯಾರಿಗೂ ಕೊಡಂಗಿಲ್ಲ.”

ಬೇಳೆ ತಳ ಹತ್ತಿದ ವಾಸನೆ ಬಂತು. ನಾನು ಏಳಲಿಲ್ಲ.