ಚಿಕ್ಕಪ್ಪನ ರೈಟ್

ಮೊನ್ನೆ ದೇವನಹಳ್ಳಿಯ ಹತ್ತಿರ ಮದುವೆ ಛತ್ರವೊಂದನ್ನು ಹುಡುಕುತ್ತಾ ಕಾರು ಓಡಿಸುತ್ತಿದ್ದಾಗ, ಫೋನಿನೊಳಗಿನ ಹೆಣ್ಣುದನಿ ಮುಂದೆ ರೈಟಿಗೆ ತಿರುಗಿ ಎಂದಿತು. ಎಷ್ಟು ನಿರಾಳವಾಗಿ ಹೇಳಿಬಿಟ್ಟಿತು ಅನ್ನಿಸಿತು. ಅದಕ್ಕೆ ರೈಟ್ ಎಂದರೆ ಬಲಗಡೆ, ಅಷ್ಟೇ. ನಾನು ಮಾತ್ರ ಒಂದೂವರೆ ವರ್ಷದಿಂದ ಆ ಪದ ಕಿವಿಗೆ ಬಿದ್ದರೆ ಸಾಕು, ಕಾಲನ್ನು ಬ್ರೇಕಿನ ಮೇಲಿಡುತ್ತೇನೆ. ಹಿಂದಿನ ಗಾಡಿಯವರು ಹಾರ್ನ್ ಒತ್ತಿ ಬೈದುಕೊಂಡು ಹೋಗುತ್ತಾರೆ. ಬೈಯಲಿ ಬಿಡಿ, ಅವರಿಗೆ ನಮ್ಮ ಚಿಕ್ಕಪ್ಪನ ಪರಿಚಯವಿಲ್ಲ.

ಚಿಕ್ಕಪ್ಪ ಹೊಸಕೋಟೆಗೂ ದೇವನಹಳ್ಳಿಗೂ ಓಡುತ್ತಿದ್ದ ಖಾಸಗಿ ಬಸ್ಸೊಂದರಲ್ಲಿ ಕಂಡಕ್ಟರ್ ಆಗಿದ್ದ. ರೈಟ್ ಅವನ ಕಸುಬಿನ ಮಾತು. ಜನ ಹತ್ತಿ ಇಳಿದಾದ ಮೇಲೆ ಅವನು ರೈಟ್ ಎಂದರೆ ಬಸ್ಸು ಹೊರಡಬೇಕು. ಎಡಕ್ಕೆ ತಿರುಗಬೇಕಾದ ಬಸ್ಸಿಗೂ ರೈಟ್ ಎಂದೇ ಕೂಗುತ್ತಿದ್ದದ್ದು ಚಿಕ್ಕಂದಿನಲ್ಲಿ ನನಗೆ ದೊಡ್ಡ ಗೊಂದಲವಾಗಿತ್ತು. ಮನೆಯಲ್ಲೂ ಹಾಗೇ. ಸಾರಿನ ಉಪ್ಪು ಹದವಾಗಿದ್ದರೆ ರೈಟ್, ನೆಂಟರು ಎದ್ದು ಹೊರಟರೆ ರೈಟ್, ಚಿಕ್ಕಮ್ಮನ ಜೊತೆ ವಾದ ಬೆಳೆಸುವುದು ಬೇಡವೆನಿಸಿದರೆ ರೈಟ್ ಬಿಡು. ನೀವೂ ಗಮನಿಸಿರಬಹುದು, ನಮ್ಮ ಕಡೆ ಫೋನ್ ಇಡುವಾಗ 'ರೈಟ್ ಗುರು' ಎನ್ನದೆ ಇಡುವವರು ಕಡಿಮೆ. ಇಂಗ್ಲಿಷಿನಲ್ಲಿ ಅದಕ್ಕೆ ಹಕ್ಕು ಎಂಬ ಅರ್ಥವೂ ಉಂಟು. ಆ ಅರ್ಥ ಯಾಕೋ ನಮ್ಮ ಬಸ್ಸು ಹತ್ತಲಿಲ್ಲ.

ಒಂದು ಬೆಳಿಗ್ಗೆ ಹಲ್ಲುಜ್ಜುತ್ತಿದ್ದ ಚಿಕ್ಕಪ್ಪ ಬಚ್ಚಲ ಬಾಗಿಲಲ್ಲಿ ಕುಸಿದು ಕೂತ. ಸ್ಟ್ರೋಕ್ ಎಂದರು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು, ಮಾತು ನಿಂತಿತು. ಕೆಲವು ದಿನ ಕಳೆದು ಆಸ್ಪತ್ರೆಯ ಮಂಚದ ಮೇಲೆ ಮೊದಲ ಪದ ಹೊರಬಂತು: ರೈಟ್. ಚಿಕ್ಕಮ್ಮ ಸಂತೋಷಕ್ಕೆ ಅತ್ತುಬಿಟ್ಟಳು. ನಾನು ಊರಿಗೆಲ್ಲ ಫೋನ್ ಮಾಡಿ ಮಾತು ಬಂತು ಎಂದು ಹೇಳಿದೆ. ಆದರೆ ಬಂದದ್ದು ಅದೊಂದೇ. ನೀರು ಬೇಕಾದರೂ ರೈಟ್, ಬೆನ್ನು ನೋಯುತ್ತಿದ್ದರೂ ರೈಟ್. ಅವನಿಗೆ ಎಲ್ಲವೂ ಅರ್ಥವಾಗುತ್ತದೆ, ಹೇಳಬೇಕಾದದ್ದು ತಲೆಯಲ್ಲಿ ಸರಿಯಾಗೇ ಇದೆ, ಬಾಯಿಗೆ ಬರುವಾಗ ಮಾತ್ರ ಈ ಒಂದು ಪದವಾಗಿಬಿಡುತ್ತದೆ ಎಂದು ಡಾಕ್ಟರು ವಿವರಿಸಿದರು. ಅದನ್ನು ಕೇಳಿದ ಮೇಲೆ ನನಗೆ ಅವನ ಕಣ್ಣು ನೋಡಲು ಹೆದರಿಕೆಯಾಗತೊಡಗಿತು. ಚಿಕ್ಕಮ್ಮ ಅಂಗಡಿಗೆ ಹೋಗಿ ಬರುವಷ್ಟು ಹೊತ್ತು ಅವನೊಬ್ಬನ ಜೊತೆ ಕೂತರೂ ಅವಳು ಯಾವಾಗ ಬರುತ್ತಾಳೋ ಎಂದು ಬಾಗಿಲು ಕಾಯುತ್ತಿದ್ದೆ. ರೈಟ್ ಎಂದಾಗಲೆಲ್ಲ, ಇದು ಯಾವ ರೈಟಪ್ಪಾ ಎಂದು ಅವನ ಮುಖವನ್ನೂ ನೀರಿನ ಚೊಂಬನ್ನೂ ಸರದಿಯಲ್ಲಿ ನೋಡುತ್ತಿದ್ದೆ.

ಕೈಕಾಲಿನ ವ್ಯಾಯಾಮಕ್ಕೆ ಅವನನ್ನು ಹೊಸಕೋಟೆಗೆ ಕರೆದೊಯ್ಯುವ ಕೆಲಸ ನನ್ನದಾಯಿತು. ಹಳೆಯ ಕಾರೊಂದನ್ನು ಕೊಂಡು ಆಗಷ್ಟೇ ಓಡಿಸಲು ಕಲಿತಿದ್ದೆ. ಮುಂದಿನ ಸೀಟಿನಲ್ಲಿ, ನನ್ನ ಎಡಕ್ಕೆ ಚಿಕ್ಕಪ್ಪ, ಹಿಂದೆ ಚಿಕ್ಕಮ್ಮ. ಊರಿನ ದಾರಿ ದೊಡ್ಡ ರಸ್ತೆಗೆ ಸೇರುವಲ್ಲಿ ನಾವು ಬಲಕ್ಕೆ ತಿರುಗಬೇಕು. ಆ ದಿನ ಎಡಮೂಲೆಯಲ್ಲಿ ಹುಲ್ಲಿನ ಟ್ರ್ಯಾಕ್ಟರೊಂದು ನಿಂತಿತ್ತು, ಆ ಕಡೆಯಿಂದ ಬರುವ ಗಾಡಿ ನನಗೆ ಕಾಣುತ್ತಿರಲಿಲ್ಲ. ಕಾರಿನ ಮೂತಿಯನ್ನು ಸ್ವಲ್ಪ ಮುಂದೆ ತಂದು ನಿಲ್ಲಿಸಿದೆ. ಚಿಕ್ಕಪ್ಪ ಕಿಟಕಿಯಿಂದ ಕತ್ತು ಚಾಚಿ ಎಡಕ್ಕೆ ನೋಡಿದ. ಬಸ್ಸಿನ ಬಾಗಿಲಲ್ಲಿ ನಿಂತು ವರ್ಷಗಟ್ಟಲೆ ಹಾಗೆ ನೋಡಿದವನು.

"ಆ ಕಡೆ ಖಾಲಿನಾ, ಚಿಕ್ಕಪ್ಪಾ?" ಎಂದು ಕೇಳಿದೆ. ಅಭ್ಯಾಸಬಲ ನೋಡಿ, ಕೇಳಿಬಿಟ್ಟೆ.

"ರೈಟ್, ರೈಟ್" ಎಂದ.

ಕ್ಲಚ್ ಬಿಟ್ಟೆ. ಕಾರು ಮುಂದಕ್ಕೆ ಜರುಗಿತು. ಆಗ ಅವನು ಎಡಗೈಯಿಂದ ಬಾಗಿಲ ಹೊರಮೈಗೆ ಒಂದೇ ಒಂದು ಏಟು ಹೊಡೆದ. ಅದು ಬಸ್ಸು ನಿಲ್ಲಿಸಲು ಹೊಡೆಯುವ ಏಟು. ಚಿಕ್ಕಮ್ಮ ಹಿಂದಿನಿಂದ ನನ್ನ ಹೆಗಲು ಹಿಡಿದು ಜಗ್ಗಿ, "ನಿಲ್ಸೋ" ಎಂದಳು. ಬ್ರೇಕ್ ಒತ್ತಿದೆ. ಬಾನೆಟ್ಟಿನ ಮುಂದೆಯೇ ಜಲ್ಲಿ ತುಂಬಿದ ಟಿಪ್ಪರ್ ನುಗ್ಗಿ ಹೋಯಿತು. ಕಾರೆಲ್ಲ ಅದುರಿತು. ಕಿಟಕಿಯಿಂದ ಧೂಳು ಒಳಗೆ ತುಂಬಿಕೊಂಡಿತು.

ತಿರುಗಿ ನೋಡಿದರೆ ಚಿಕ್ಕಪ್ಪ ಅಳುತ್ತಿದ್ದ. ತುಟಿ ಅದೇ ಪದವನ್ನು ಹೇಳುತ್ತಲೇ ಇತ್ತು, ಮೆಲ್ಲಗೆ, ನಿಲ್ಲಿಸಲು ಬಾರದವನಂತೆ. ಎಡಗೈಯಿಂದ ಬಾಯಿಗೆ ಹೊಡೆದುಕೊಳ್ಳಲು ಹೋದ. ಚಿಕ್ಕಮ್ಮ ಮುಂದಕ್ಕೆ ಬಾಗಿ ಆ ಕೈಯನ್ನು ಹಿಡಿದುಕೊಂಡಳು. ಅವತ್ತು ಹೊಸಕೋಟೆಗೆ ಹೋಗಲಿಲ್ಲ. ಅಲ್ಲಿಂದಲೇ ಕಾರು ಹಿಂದಕ್ಕೆ ತಿರುಗಿಸಿದೆ. ಆಮೇಲೆ ಎಷ್ಟೋ ದಿನ ಯಾವ ಪ್ರಶ್ನೆ ಕೇಳಿದರೂ ಅವನು ತುಟಿ ಬಿಗಿಹಿಡಿದು ಗೋಡೆ ನೋಡುತ್ತಿದ್ದ. ಇದ್ದ ಒಂದು ಪದವೂ ಹೋಯಿತಲ್ಲ ಎಂಬ ಆತಂಕ ನಮಗೆ.

ಅದು ಹೋಗಲಿಲ್ಲ. ಈ ಯುಗಾದಿಯ ನಂತರ ಅದಕ್ಕೊಂದು ಜೊತೆಯೂ ಬಂತು: ಬೇಡ. ಮೊದಲು ಉಣ್ಣೆಯ ಟೋಪಿ ಬೇಡವಾಯಿತು, ಆಮೇಲೆ ಟೀವಿಯ ಧಾರಾವಾಹಿ, ಅದಾದ ಮೇಲೆ ನನ್ನ ಕಾರು. ಈಗ ವ್ಯಾಯಾಮಕ್ಕೆ ಇಬ್ಬರೂ ಆಟೋದಲ್ಲಿ ಹೋಗುತ್ತಾರೆ. ನನ್ನ ಡ್ರೈವಿಂಗ್ ಬಗ್ಗೆ ಇಷ್ಟು ಚಿಕ್ಕದಾಗಿ, ಇಷ್ಟು ಸ್ಪಷ್ಟವಾಗಿ ಬೇರೆ ಯಾರೂ ಅಭಿಪ್ರಾಯ ಕೊಟ್ಟಿಲ್ಲ.

ಮೊನ್ನೆ ಮದುವೆ ಮುಗಿಸಿ ಬರುವಾಗ ಅವರ ಮನೆಗೆ ಹೋದೆ. ಚಿಕ್ಕಪ್ಪ ಊಟಕ್ಕೆ ಕೂತಿದ್ದ. ಬಡಿಸುತ್ತಿದ್ದ ಚಿಕ್ಕಮ್ಮ ಇನ್ನೂ ಉಂಡಿರಲಿಲ್ಲ. ಇನ್ನರ್ಧ ಮುದ್ದೆ ಹಾಕಲು ಹೋದಾಗ ಅವನು ಬೇಡ ಎಂದ. ಅವಳು ಹಾಕಲು ಬಾಗಿದಳು. ಮತ್ತೆ ಬೇಡ ಎಂದ, ಜೋರಾಗಿ. ಅವಳ ಕೈ ಅಲ್ಲೇ ನಿಂತಿತು. ಮುದ್ದೆಯನ್ನು ಪಾತ್ರೆಗೆ ಹಾಕಿ, ಹೊಸ್ತಿಲ ಮೇಲೆ ಕೂತು ನನ್ನ ಕಡೆ ತಿರುಗಿದಳು.

"ಇಷ್ಟ್ ದಿನ ಸ್ನಾನ ಮಾಡಿಸ್ದೆ, ಊಟ ಮಾಡಿಸ್ದೆ, ಎಲ್ಲೆಲ್ಗೋ ಕರ್ಕೊಂಡ್ ಹೋದೆ. ಸರೀನಾ ಅಂತ ಕೇಳ್ದಾಗೆಲ್ಲ ರೈಟ್ ಅಂದ್ರು. ಅದ್ರಲ್ಲಿ ಎಷ್ಟು ಬೇಡ ಇತ್ತೋ ಏನೋ ಕಣಪ್ಪಾ."

ಹಿಂದಿನ ನಾನಾಗಿದ್ದರೆ ಮಾತು ಬದಲಿಸಿ, ಚೊಂಬು ಎತ್ತಿಕೊಟ್ಟು, ಏನಾದರೂ ಮಾಡಿ ಆ ಗಳಿಗೆಯನ್ನು ದಾಟಿಸಿಬಿಡುತ್ತಿದ್ದೆ. ಮೊನ್ನೆ ಚಿಕ್ಕಪ್ಪನ ಕಣ್ಣನ್ನೇ ನೋಡಿದೆ. ಅವನು ಹೆಂಡತಿಯನ್ನು ನೋಡುತ್ತಿದ್ದ. ತುಟಿ ಎರಡು ಮೂರು ಸಲ ಬರೀ ಆಡಿತು. ಆಮೇಲೆ ಎಡಗೈಯಿಂದ ಮುದ್ದೆಯ ಪಾತ್ರೆಯನ್ನು ಮೆಲ್ಲಗೆ ಅವಳ ಕಡೆ ತಳ್ಳಿ, "ನೀನು" ಎಂದ.

ಮುಂದಿನ ಪದಕ್ಕಾಗಿ ಇಬ್ಬರೂ ಕಾದೆವು. ಬರಲಿಲ್ಲ. ಚಿಕ್ಕಮ್ಮ ಎದ್ದು ಕೈ ತೊಳೆದುಕೊಂಡು ಬಂದು, ಅವನ ಪಕ್ಕದಲ್ಲಿ ತಟ್ಟೆ ಇಟ್ಟುಕೊಂಡು ಕೂತಳು.